ಬಿ12 ಕಡಿಮೆ ಬಂದರೆ ತಪ್ಪು ಊಟದ್ದೇನಾ? ಜಠರದ ಆಟೋಇಮ್ಯೂನ್ ಕಾಯಿಲೆ ಬಗ್ಗೆ ರಕ್ತಪರೀಕ್ಷೆ ಹೇಳುವುದೆಷ್ಟು, ಹೇಳದಿರುವುದೆಷ್ಟು?

"ಕೈಕಾಲು ಜೋಮು ಹಿಡಿಯುತ್ತಾ? ಸದಾ ಸುಸ್ತಾ? ನಿಮಗೆ ಬಿ12 ಕಡಿಮೆ ಇದೆ. ದಿನಾ ಎರಡು ಲೋಟ ಮಜ್ಜಿಗೆ ಕುಡಿಯಿರಿ, ತಿಂಗಳಲ್ಲಿ ಸರಿಹೋಗುತ್ತೆ. ಹತ್ತು ಜನರಿಗೆ ಕಳಿಸಿ." ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: "ಹೊಟ್ಟೆಯ ಎಲ್ಲ ಆಟೋಇಮ್ಯೂನ್ ರೋಗಗಳೂ ಒಂದೇ ರಕ್ತಪರೀಕ್ಷೆಯಲ್ಲಿ ಪತ್ತೆ, ಈ ವಾರ ಮಾತ್ರ ಅರ್ಧ ಬೆಲೆ." ಮೊದಲನೆಯದರಲ್ಲಿ ಅರ್ಧ ಸತ್ಯ ಇದೆ. ಎರಡನೆಯದರಲ್ಲಿ ಅಷ್ಟೂ ಇಲ್ಲ.

ಅರ್ಧ ಸತ್ಯ ಯಾಕೆಂದರೆ, ನಮ್ಮ ದೇಶದಲ್ಲಿ ಬಿ12 ಕೊರತೆ ನಿಜಕ್ಕೂ ಸಾಮಾನ್ಯ. ಈ ವಿಟಮಿನ್ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಂಥ ಪ್ರಾಣಿಜನ್ಯ ಆಹಾರದಲ್ಲಿ. ಸೊಪ್ಪು, ತರಕಾರಿ, ಬೇಳೆಕಾಳುಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಗಾಗಿ ಸಸ್ಯಾಹಾರಿಗಳ ರಿಪೋರ್ಟಿನಲ್ಲಿ ಬಿ12 ಕಡಿಮೆ ಬಂದರೆ ಕಾರಣ ಹೆಚ್ಚಿನ ಸಲ ತಟ್ಟೆಯಲ್ಲೇ ಇರುತ್ತದೆ. ಆದರೆ ಕೆಲವರಲ್ಲಿ ತಟ್ಟೆ ಸರಿಯಾಗಿಯೇ ಇರುತ್ತದೆ, ಕೆಟ್ಟಿರುವುದು ಜಠರ. ಅವರು ಮಜ್ಜಿಗೆ ಕುಡಿದರೂ ಅಷ್ಟೇ, ವಾರಕ್ಕೆ ಮೂರು ದಿನ ಮಟನ್ ತಿಂದರೂ ಅಷ್ಟೇ, ಬಿ12 ಮೈಗೆ ಹತ್ತುವುದಿಲ್ಲ. "ಊಟ ಸರಿಮಾಡಿಕೊಳ್ಳಿ" ಎಂಬ ಸಲಹೆಯಲ್ಲೇ ಅವರಿಗೆ ವರ್ಷಗಳು ಕಳೆದುಹೋಗುತ್ತವೆ. ಆ ವರ್ಷಗಳಲ್ಲಿ ಹಾಳಾಗುವುದು ನರಗಳು, ಮತ್ತು ತೀರಾ ತಡವಾದರೆ ನರಗಳು ಪೂರ್ತಿ ಚೇತರಿಸಿಕೊಳ್ಳುವುದಿಲ್ಲ.

ಜಠರದೊಳಗೆ ನಡೆಯುವುದೇನು?

ನಾವು "ಹೊಟ್ಟೆ" ಅನ್ನುವಾಗ ಎದೆಗೂಡಿನ ಕೆಳಗಿನದೆಲ್ಲವನ್ನೂ ಒಂದೇ ಪದದಲ್ಲಿ ಸೇರಿಸಿಬಿಡುತ್ತೇವೆ. ವೈದ್ಯರಿಗೆ ಜಠರ ಬೇರೆ, ಸಣ್ಣ ಕರುಳು ಬೇರೆ, ದೊಡ್ಡ ಕರುಳು ಬೇರೆ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಜಠರದ ಮೇಲ್ಭಾಗದ ಒಳಪದರದಲ್ಲಿ ಪೆರೈಟಲ್ ಕೋಶಗಳು ಎಂಬ ಜೀವಕೋಶಗಳಿವೆ. ಇವಕ್ಕೆ ಎರಡು ಕೆಲಸ. ಒಂದು, ಆಮ್ಲ ಅಂದರೆ ಆಸಿಡ್ ಸುರಿಸುವುದು. ಇನ್ನೊಂದು, ಇಂಟ್ರಿನ್ಸಿಕ್ ಫ್ಯಾಕ್ಟರ್ ಎಂಬ ಪ್ರೋಟೀನ್ ತಯಾರಿಸುವುದು. ಈ ಪ್ರೋಟೀನ್ ಬಿ12 ಅನ್ನು ಕೈಹಿಡಿದು ಸಣ್ಣ ಕರುಳಿನ ಕೊನೆಯ ಭಾಗದವರೆಗೆ ಕರೆದೊಯ್ಯುತ್ತದೆ. ಅಲ್ಲಿನ ಬಾಗಿಲು ತೆರೆಯುವುದು ಈ ಜೋಡಿಗೆ ಮಾತ್ರ. ಬಿ12 ಒಂಟಿಯಾಗಿ ಬಂದರೆ ಬಹುಪಾಲು ಹಾಗೇ ಹೊರಗೆ ಹೋಗುತ್ತದೆ.

ಆಟೋಇಮ್ಯೂನ್ ಗ್ಯಾಸ್ಟ್ರೈಟಿಸ್ ಎಂಬ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆ ಈ ಪೆರೈಟಲ್ ಕೋಶಗಳನ್ನೇ ಶತ್ರು ಎಂದುಕೊಂಡು ದಾಳಿ ಮಾಡುತ್ತದೆ. ಅದರ ಮುಖ್ಯ ಗುರಿ ಆ ಕೋಶಗಳಲ್ಲಿರುವ ಆಸಿಡ್ ಪಂಪು. ನಮ್ಮಲ್ಲಿ ಮನೆಮನೆಯಲ್ಲೂ ಇರುವ "ಗ್ಯಾಸ್ಟ್ರಿಕ್ ಮಾತ್ರೆ" ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್ ತಡೆಯುವುದೂ ಇದೇ ಪಂಪನ್ನೇ. ಮಾತ್ರೆ ಪಂಪನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ, ಕಾಯಿಲೆ ಪಂಪಿರುವ ಕೋಶವನ್ನೇ ನಿಧಾನವಾಗಿ ಅಳಿಸಿಹಾಕುತ್ತದೆ. ಈ ರೋಗಿಗಳಿಗೂ ಹೊಟ್ಟೆ ಉಬ್ಬರ, ಊಟದ ನಂತರ ಭಾರ ಇರಬಹುದು. ಅದನ್ನು "ಆಸಿಡಿಟಿ" ಎಂದುಕೊಂಡು, ಆಸಿಡ್ಡೇ ಕಡಿಮೆಯಿರುವ ಜಠರಕ್ಕೆ ಆಸಿಡ್ ತಗ್ಗಿಸುವ ಮಾತ್ರೆ ನುಂಗುತ್ತಾ ಕೂರುವುದು ಅಪರೂಪವೇನಲ್ಲ.

ಬಿ12 ಮುಗಿಯಲು ಕಾಲ ಬೇಕು. ನಮಗೆ ದಿನಕ್ಕೆ ಬೇಕಾಗಿರುವುದು ಸುಮಾರು 2 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಂನ ಹತ್ತು ಲಕ್ಷದಲ್ಲಿ ಎರಡು ಭಾಗ. ಬಿ12 ಚೆನ್ನಾಗಿ ಸಿಗುತ್ತಿರುವವರ ದೇಹದಲ್ಲಿ, ಹೆಚ್ಚಾಗಿ ಯಕೃತ್ತಿನಲ್ಲಿ, 2ರಿಂದ 5 ಮಿಲಿಗ್ರಾಂ ದಾಸ್ತಾನು ಇರುತ್ತದೆ. ಹಾಗಾಗಿ ಒಳಗೆ ಬರುವುದು ನಿಂತರೂ ಕೊರತೆ ಕಾಣಿಸಲು ಕೆಲವು ವರ್ಷ ಹಿಡಿಯುತ್ತದೆ. ಅದಕ್ಕೂ ಮೊದಲು ಇನ್ನೊಂದು ಸುಳಿವು ಸಿಗಬಹುದು. ಆಹಾರದ ಕಬ್ಬಿಣಾಂಶ ಹೀರಿಕೊಳ್ಳಲು ಆಸಿಡ್ ಬೇಕು. ಆದ್ದರಿಂದ ಕಡಿಮೆ ವಯಸ್ಸಿನ ಮಹಿಳೆಯರಲ್ಲಿ ಈ ಕಾಯಿಲೆ ಎಷ್ಟೋ ಸಲ ಮೊದಲು ಕಾಣಿಸಿಕೊಳ್ಳುವುದು ಕಬ್ಬಿಣಾಂಶದ ರಕ್ತಹೀನತೆಯಾಗಿ. ಐರನ್ ಮಾತ್ರೆ ತಿಂಗಳುಗಟ್ಟಲೆ ತಿಂದರೂ ಹಿಮೋಗ್ಲೋಬಿನ್ ಏರುವುದಿಲ್ಲ. "ಮುಟ್ಟಿನಲ್ಲಿ ಹೆಚ್ಚು ಹೋಗುತ್ತೆ, ಅದಕ್ಕೇ" ಎಂದು ಮನೆಯವರೆಲ್ಲ ತೀರ್ಮಾನಿಸಿರುತ್ತಾರೆ.

ಹ್ಯಾಂಬರ್ಗರ್ ತಿಂದು ಕಕ್ಕಿದ ವೈದ್ಯ

ಈ ಕಾಯಿಲೆ ಮುಂದುವರಿದು ಬಿ12 ಖಾಲಿಯಾದಾಗ ಬರುವ ರಕ್ತಹೀನತೆಗೆ ಪರ್ನಿಷಿಯಸ್ ಅನೀಮಿಯಾ ಎಂದು ಹೆಸರು. ಪರ್ನಿಷಿಯಸ್ ಅಂದರೆ ಮಾರಕ. ಒಂದು ಕಾಲಕ್ಕೆ ಅದು ಹೆಸರಿಗೆ ತಕ್ಕಂತೆಯೇ ಇತ್ತು, ಬಂದವರು ಕೆಲವೇ ವರ್ಷಗಳಲ್ಲಿ ಸಾಯುತ್ತಿದ್ದರು. 1926ರಲ್ಲಿ ಅಮೆರಿಕದ ಮೈನಾಟ್ ಮತ್ತು ಮರ್ಫಿ ಎಂಬ ವೈದ್ಯರು ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿ ಬದುಕಿಸಬಹುದು ಎಂದು ತೋರಿಸಿದರು. 1934ರಲ್ಲಿ ವಿಪಲ್ ಜೊತೆಗೆ ಇವರಿಬ್ಬರಿಗೂ ನೊಬೆಲ್ ಬಂತು. ಆದರೆ ಲಿವರಿನಲ್ಲಿರುವುದು ಏನು, ರೋಗಿಗಳಿಗೆ ಇಲ್ಲದಿರುವುದು ಏನು?

ಬೋಸ್ಟನ್ನಿನ ವಿಲಿಯಂ ಕ್ಯಾಸಲ್ ಎಂಬ ತರುಣ ವೈದ್ಯ ಇದಕ್ಕೊಂದು ಪ್ರಯೋಗ ಮಾಡಿದ. ಹೇಸಿಗೆ ಅನ್ನಿಸಬಹುದು, ಆದರೆ ತರ್ಕ ಬಹಳ ಚೆಂದ. ರೋಗಿಗಳಿಗೆ ಬರೀ ಮಾಂಸ ಕೊಟ್ಟ, ಗುಣ ಕಾಣಲಿಲ್ಲ. ಆಮೇಲೆ ತಾನೇ ಹ್ಯಾಂಬರ್ಗರ್ ಮಾಂಸ ತಿಂದು, ಒಂದು ತಾಸು ಬಿಟ್ಟು ಕಕ್ಕಿ, ಅದನ್ನು ನಳಿಕೆಯ ಮೂಲಕ ರೋಗಿಯ ಹೊಟ್ಟೆಗೆ ಹಾಕಿದ. ಈಗ ರಕ್ತ ಏರಿತು! ಅಂದರೆ ಆರೋಗ್ಯವಂತರ ಜಠರರಸದಲ್ಲಿರುವ ಏನೋ ಒಂದು ರೋಗಿಯ ಜಠರದಲ್ಲಿಲ್ಲ. ಅದೇ ಇಂಟ್ರಿನ್ಸಿಕ್ ಫ್ಯಾಕ್ಟರ್. ಆಹಾರದಲ್ಲಿದ್ದ ಇನ್ನೊಂದು ಪಾಲುದಾರ ಬಿ12 ಎಂಬುದು 1948ರಲ್ಲಿ ಅದನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದಾಗ ಸ್ಪಷ್ಟವಾಯಿತು.

ಭಾರತದ ಒಂದು ಎಳೆಯೂ ಇದರಲ್ಲಿದೆ. ಅದೇ ಕಾಲದಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು, ಬಟ್ಟೆ ಗಿರಣಿಯಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ನೋಡಲು ಪರ್ನಿಷಿಯಸ್ ಅನೀಮಿಯಾದಂತೆಯೇ ಇದ್ದ ಆ ರಕ್ತಹೀನತೆ ಯೀಸ್ಟಿನ ಸಾರ ಕೊಟ್ಟರೆ ಗುಣವಾಗುತ್ತಿತ್ತು. ಅದರಲ್ಲಿದ್ದದ್ದು ಫೋಲಿಕ್ ಆಮ್ಲ ಎಂದು ಮುಂದೆ ತಿಳಿಯಿತು. 1940ರ ದಶಕದಲ್ಲಿ ಪರ್ನಿಷಿಯಸ್ ಅನೀಮಿಯಾದವರಿಗೂ ಫೋಲಿಕ್ ಆಮ್ಲ ಕೊಟ್ಟು ನೋಡಿದರು. ರಕ್ತ ಏರಿತು, ಎಲ್ಲರಿಗೂ ಖುಷಿ. ಆದರೆ ನರಗಳ ಹಾನಿ ನಿಲ್ಲಲಿಲ್ಲ. ಇಂದಿಗೂ ಇದು ಅನ್ವಯಿಸುತ್ತದೆ. ಬಿ12 ನೋಡದೆ ಬರೀ ಫೋಲಿಕ್ ಆಮ್ಲದ "ರಕ್ತ ಹೆಚ್ಚಿಸುವ ಮಾತ್ರೆ" ತಿಂದರೆ ಹಿಮೋಗ್ಲೋಬಿನ್ ಚೆನ್ನಾಗಿ ಕಾಣಿಸಬಹುದು, ಪಾದದ ಜೋಮು ಮಾತ್ರ ಮೇಲಕ್ಕೆ ಏರುತ್ತಲೇ ಹೋಗಬಹುದು. (ಇದನ್ನು ಓದಿ ಬಸುರಿ ಹೆಂಗಸರು ಐರನ್-ಫೋಲಿಕ್ ಮಾತ್ರೆ ಬಿಡಬೇಡಿ. ಅದು ಮಗುವಿಗೆ ಅತ್ಯಗತ್ಯ. ಬಿ12 ಕೂಡ ನೋಡಿ ಎಂದಷ್ಟೇ ಇಲ್ಲಿನ ಮಾತು.)

ಎರಡು ಆಂಟಿಬಾಡಿ, ಎರಡು ಗುಣ

ಈಗ ರಕ್ತಪರೀಕ್ಷೆಗೆ ಬರೋಣ. ಜಠರದ ಆಟೋಇಮ್ಯೂನ್ ಕಾಯಿಲೆಯ ಅನುಮಾನ ಬಂದಾಗ ವೈದ್ಯರು ಮುಖ್ಯವಾಗಿ ಎರಡು ಆಂಟಿಬಾಡಿಗಳನ್ನು ಹುಡುಕಿಸುತ್ತಾರೆ. ಒಂದು ಪೆರೈಟಲ್ ಕೋಶದ ವಿರುದ್ಧದ್ದು, ಇನ್ನೊಂದು ಇಂಟ್ರಿನ್ಸಿಕ್ ಫ್ಯಾಕ್ಟರ್ ವಿರುದ್ಧದ್ದು. ಹೆಸರು ಕೇಳಿದರೆ ಅಣ್ಣತಮ್ಮ ಅನ್ನಿಸುತ್ತವೆ. ಸ್ವಭಾವ ಮಾತ್ರ ಪೂರ್ತಿ ಉಲ್ಟಾ.

ಪೆರೈಟಲ್ ಕೋಶದ ಆಂಟಿಬಾಡಿ ಊರಿನ ಬೀದಿನಾಯಿ ಇದ್ದ ಹಾಗೆ. ಕಳ್ಳ ಬಂದರೆ ಸಾಮಾನ್ಯವಾಗಿ ಬೊಗಳುತ್ತದೆ, ಪೋಸ್ಟ್‌ಮ್ಯಾನ್ ಬಂದರೂ ಬೊಗಳುತ್ತದೆ. ಕಾಯಿಲೆ ಇರುವ ಬಹುಪಾಲು ಜನರಲ್ಲಿ ಇದು ಪಾಸಿಟಿವ್ ಬರುತ್ತದೆ. ಆದರೆ ಥೈರಾಯ್ಡಿನ ಆಟೋಇಮ್ಯೂನ್ ಕಾಯಿಲೆ ಇರುವವರಲ್ಲಿ, ಟೈಪ್ 1 ಸಕ್ಕರೆ ಕಾಯಿಲೆಯವರಲ್ಲಿ, ಏನೂ ತೊಂದರೆ ಇಲ್ಲದ ಕೆಲವು ಆರೋಗ್ಯವಂತರಲ್ಲೂ ಕಾಣಿಸುತ್ತದೆ. ವಯಸ್ಸಾದಂತೆ ಹೀಗಾಗುವುದು ಇನ್ನೂ ಹೆಚ್ಚು. ಇನ್ನೊಂದು ಸೋಜಿಗ ನೋಡಿ, ಕಾಯಿಲೆ ತೀರಾ ಹಳೆಯದಾಗಿ ಪೆರೈಟಲ್ ಕೋಶಗಳೇ ಮುಗಿದುಹೋದ ಮೇಲೆ ಈ ಆಂಟಿಬಾಡಿ ಕ್ರಮೇಣ ಕಡಿಮೆಯಾಗಿ ಮಾಯವೂ ಆಗಬಹುದು.

ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ಮಿತಭಾಷಿ. ಬಾಯಿಬಿಟ್ಟರೆ ನಂಬಬಹುದು. ಪಾಸಿಟಿವ್ ಬಂದರೆ, ಜೊತೆಗೆ ಬಿ12 ಕೂಡ ಕಡಿಮೆ ಇದ್ದರೆ, ಪರ್ನಿಷಿಯಸ್ ಅನೀಮಿಯಾ ಎನ್ನಲು ಬಲವಾದ ಸಾಕ್ಷಿ. ಆದರೆ ಕಾಯಿಲೆ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧ ಜನರಲ್ಲಿ ಅದು ಬಾಯಿಯನ್ನೇ ಬಿಡುವುದಿಲ್ಲ. ಹಾಗಾಗಿ "ನೆಗೆಟಿವ್ ಬಂತು, ಹೊಟ್ಟೆ ಚೆನ್ನಾಗಿದೆ" ಎಂದು ರಿಪೋರ್ಟನ್ನು ಬೀರುವಿಗೆ ಸೇರಿಸಿದರೆ ಆ ಅರ್ಧ ಜನ ಕೈತಪ್ಪಿ ಹೋಗುತ್ತಾರೆ.

ಯಾವ ಲಕ್ಷಣವೂ ಇಲ್ಲದವರು ಪ್ಯಾಕೇಜ್ ಕೊಂಡು ಪರೀಕ್ಷೆ ಮಾಡಿಸಿದರೆ ಏನಾಗುತ್ತದೆ? ಒಂದು ಸಣ್ಣ ಲೆಕ್ಕ ಮಾಡೋಣ. ಇಲ್ಲಿನ ಅಂಕಿಗಳು ಅರ್ಥವಾಗಲೆಂದು ಊಹಿಸಿಕೊಂಡವು. ಸಾವಿರ ಜನರಲ್ಲಿ 10 ಮಂದಿಗೆ ನಿಜಕ್ಕೂ ಕಾಯಿಲೆ ಇದೆ ಎಂದುಕೊಳ್ಳಿ. ಪರೀಕ್ಷೆ ಅವರಲ್ಲಿ 8 ಜನರನ್ನು ಹಿಡಿಯಿತು. ಉಳಿದ 990 ಮಂದಿಯಲ್ಲಿ ನೂರಕ್ಕೆ 5ರಂತೆ ಸುಮ್ಮನೆ ಪಾಸಿಟಿವ್ ಬಂದರೂ ಸುಮಾರು 50 ಜನ ಆದರು. ಒಟ್ಟು 58 ಪಾಸಿಟಿವ್, ಅದರಲ್ಲಿ ಕಾಯಿಲೆ ಇರುವವರು ಎಂಟೇ ಜನ. ಅದೇ ಪರೀಕ್ಷೆಯನ್ನು ಬಿ12 ಕಡಿಮೆ ಇರುವವರಿಗೋ, ಐರನ್ ಮಾತ್ರೆಗೆ ಬಗ್ಗದ ರಕ್ತಹೀನತೆ ಇರುವವರಿಗೋ ಮಾಡಿಸಿದರೆ ಲೆಕ್ಕ ಬದಲಾಗುತ್ತದೆ, ಯಾಕೆಂದರೆ ಆ ಗುಂಪಿನಲ್ಲಿ ಕಾಯಿಲೆಯವರ ಪಾಲೇ ಹೆಚ್ಚು. ಪರೀಕ್ಷೆ ಒಂದೇ ಆದರೂ ಯಾರಿಗೆ ಮಾಡಿಸಿದ್ದು ಎಂಬುದರ ಮೇಲೆ ಅದರ ಬೆಲೆ ನಿಂತಿರುತ್ತದೆ. ಎಎನ್‌ಎ ಎಂಬ ಇನ್ನೊಂದು ಪರೀಕ್ಷೆಯನ್ನೂ ಇಂಥ ಪ್ಯಾಕೇಜಿನಲ್ಲಿ ತುರುಕಿರುತ್ತಾರೆ. ಅದು ಆರೋಗ್ಯವಂತರಲ್ಲೂ ಸಾಕಷ್ಟು ಸಲ ಪಾಸಿಟಿವ್ ಬರುತ್ತದೆ, ಜಠರದ ಬಗ್ಗೆಯಂತೂ ಏನೂ ಹೇಳುವುದಿಲ್ಲ.

ಗ್ಯಾಸ್ಟ್ರಿನ್ ಎಂಬ ಹಾರ್ಮೋನು ಏರಿದೆಯೇ, ಪೆಪ್ಸಿನೋಜನ್ ಇಳಿದಿದೆಯೇ ಎಂಬ ಪರೀಕ್ಷೆಗಳೂ ಇವೆ. ಜಠರದಲ್ಲಿ ಆಸಿಡ್ ಇಲ್ಲವಾದಾಗ ದೇಹ "ಇನ್ನಷ್ಟು ಸುರಿಸು" ಎಂದು ಗ್ಯಾಸ್ಟ್ರಿನ್ ಮೂಲಕ ಕೂಗುತ್ತದೆ. ಆದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುತ್ತಿರುವವರಲ್ಲೂ ಇದೇ ಕೂಗು ಏಳುತ್ತದೆ. ಮಾತ್ರೆ ವಿಷಯ ವೈದ್ಯರಿಗೆ ಹೇಳದಿದ್ದರೆ ಆ ರಿಪೋರ್ಟಿನಿಂದ ದಾರಿ ತಪ್ಪುವುದು ಖಂಡಿತ.

ಬಿ12 ಸಂಖ್ಯೆಯೂ ಸುಳ್ಳು ಹೇಳಬಹುದು

ಬಹಳಷ್ಟು ಲ್ಯಾಬುಗಳಲ್ಲಿ ಪ್ರತಿ ಮಿಲಿಲೀಟರಿಗೆ ಸುಮಾರು 200 ಪಿಕೋಗ್ರಾಂಗಿಂತ ಕೆಳಗೆ ಬಂದರೆ ಕೊರತೆ ಅನ್ನುತ್ತಾರೆ. 200ರಿಂದ 300ರ ನಡುವಿನದು ಅನುಮಾನದ ಜಾಗ. ಅಲ್ಲಿ ಸಿಕ್ಕಿಕೊಂಡಾಗ ಮೀಥೈಲ್‌ಮಲೋನಿಕ್ ಆಮ್ಲ, ಹೋಮೋಸಿಸ್ಟೀನ್ ಎಂಬ ಪರೀಕ್ಷೆಗಳು ನೆರವಾಗುತ್ತವೆ. ಬಿ12 ಜೀವಕೋಶಗಳಿಗೆ ಸಾಲದಾದಾಗ ಇವೆರಡೂ ರಕ್ತದಲ್ಲಿ ಏರುತ್ತವೆ.

ಜಠರದ ಆಟೋಇಮ್ಯೂನ್ ಕಾಯಿಲೆಯಲ್ಲಿ ಇನ್ನೊಂದು ಮೋಸ ಇದೆ. ಹಲವು ಲ್ಯಾಬ್ ಯಂತ್ರಗಳು ಬಿ12 ಅಳೆಯಲು ಇಂಟ್ರಿನ್ಸಿಕ್ ಫ್ಯಾಕ್ಟರನ್ನೇ ಬಳಸುತ್ತವೆ. ರೋಗಿಯ ರಕ್ತದಲ್ಲಿ ಅದರ ವಿರುದ್ಧದ ಆಂಟಿಬಾಡಿ ಜಾಸ್ತಿ ಇದ್ದರೆ, ಅದು ಯಂತ್ರದೊಳಗಿನ ಇಂಟ್ರಿನ್ಸಿಕ್ ಫ್ಯಾಕ್ಟರನ್ನೂ ಹಿಡಿದುಕೊಂಡು ಲೆಕ್ಕ ಕೆಡಿಸಬಹುದು. ಆಗ ಬಿ12 ಖಾಲಿಯಾಗಿರುವ ರೋಗಿಗೆ "ನಾರ್ಮಲ್" ಎಂಬ ರಿಪೋರ್ಟ್ ಬರುತ್ತದೆ! ಅಪರೂಪವಾದರೂ ದಾಖಲಾಗಿರುವ ಸಂಗತಿ ಇದು. ನಡೆಯುವಾಗ ತೂರಾಡುವುದು, ಕತ್ತಲಲ್ಲಿ ಹೆಜ್ಜೆ ಸಿಗದಿರುವುದು, ಪಾದದಲ್ಲಿ ಸ್ಪರ್ಶ ತಿಳಿಯದಿರುವುದು ಇದ್ದೂ ರಿಪೋರ್ಟ್ ಸರಿಯಿದ್ದರೆ, ಒಳ್ಳೆಯ ವೈದ್ಯರು ರಿಪೋರ್ಟಿಗಿಂತ ರೋಗಿಯನ್ನು ನಂಬುತ್ತಾರೆ.

ಕೂದಲು ಉದುರುವುದಕ್ಕೆಂದು ತಿನ್ನುವ ಬಯೋಟಿನ್ ಮಾತ್ರೆಯೂ ಕೆಲವು ಯಂತ್ರಗಳ ಲೆಕ್ಕ ತಪ್ಪಿಸುತ್ತದೆ. ಬಿ12 ಮಾತ್ರವಲ್ಲ, ಥೈರಾಯ್ಡ್ ರಿಪೋರ್ಟನ್ನೂ ಅದು ಕೆಡಿಸಬಲ್ಲದು. "ಅದೇನು ಮಹಾ, ವಿಟಮಿನ್ ತಾನೇ" ಎಂದು ಯಾರೂ ಅದನ್ನು ಔಷಧಿಯ ಪಟ್ಟಿಯಲ್ಲಿ ಹೇಳುವುದೇ ಇಲ್ಲ.

ಮೊದಲು ರಕ್ತ, ಆಮೇಲೆ ಇಂಜೆಕ್ಷನ್

ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ. ಸುಸ್ತು ಅಂದ ತಕ್ಷಣ ಮೆಡಿಕಲ್ ಶಾಪಿನಿಂದ "ಬಿ ಕಾಂಪ್ಲೆಕ್ಸ್", ಇಲ್ಲವಾದರೆ ಕ್ಲಿನಿಕ್ಕಿನಲ್ಲಿ ನಾಲ್ಕು ಕೆಂಪು ಇಂಜೆಕ್ಷನ್. ತಿಂಗಳ ಮೇಲೆ ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ಬೆಟ್ಟದಷ್ಟಿರುತ್ತದೆ. ಕೊರತೆ ಇತ್ತೋ ಇಲ್ಲವೋ ಎಂದು ಹೇಳಲು ಆಗ ಯಾರಿಂದಲೂ ಆಗುವುದಿಲ್ಲ. ಇಂಜೆಕ್ಷನ್ ಆದ ಕೆಲವು ದಿನಗಳಲ್ಲೇ ಇಂಟ್ರಿನ್ಸಿಕ್ ಫ್ಯಾಕ್ಟರ್ ಆಂಟಿಬಾಡಿ ನೋಡಿದರೆ ಕೆಲವು ವಿಧಾನಗಳಲ್ಲಿ ಸುಳ್ಳು ಪಾಸಿಟಿವ್ ಕೂಡ ಬರಬಹುದು.

ಹಾಗಂತ ರಿಪೋರ್ಟಿಗಾಗಿ ಚಿಕಿತ್ಸೆಯನ್ನು ಕಾಯಿಸಬಾರದು. ನರದ ಲಕ್ಷಣ ಇರುವವರಿಗೆ ಬೆಳಗ್ಗೆ ರಕ್ತ ತೆಗೆದು ಅದೇ ದಿನ ಇಂಜೆಕ್ಷನ್ ಕೊಡಬಹುದು. ಕ್ರಮ ತಿರುಗುಮುರುಗು ಆಗದಿದ್ದರೆ ಸಾಕು.

ಕಾರಣ ಹುಡುಕುವಾಗ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯನ್ನೂ ವರ್ಷಗಟ್ಟಲೆ ನುಂಗಿದ ಗ್ಯಾಸ್ಟ್ರಿಕ್ ಮಾತ್ರೆಯನ್ನೂ ಮರೆಯುವಂತಿಲ್ಲ, ಎರಡೂ ಬಿ12 ಇಳಿಸಬಲ್ಲವು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ ಕೂಡ ಜಠರದ ಒಳಪದರವನ್ನು ಸವೆಸುತ್ತದೆ. ಅದಕ್ಕೆ ರಕ್ತದ ಆಂಟಿಬಾಡಿ ಪರೀಕ್ಷೆಗಿಂತ ಉಸಿರಿನ ಅಥವಾ ಮಲದ ಪರೀಕ್ಷೆ ಮೇಲು. ರಕ್ತದಲ್ಲಿನ ಆಂಟಿಬಾಡಿ ಎಂದೋ ಬಂದುಹೋದ ಸೋಂಕಿನದೂ ಇರಬಹುದು.

ಗೋಧಿ ಬಿಟ್ಟು ಪರೀಕ್ಷೆ ಮಾಡಿಸುವವರು

"ಹೊಟ್ಟೆಯ ಆಟೋಇಮ್ಯೂನ್" ಅಂದಾಗ ಫಾರ್ವರ್ಡುಗಳು ಹೆಚ್ಚು ಹೇಳುವುದು ಗ್ಲುಟೆನ್ ಬಗ್ಗೆ. ಸೀಲಿಯಾಕ್ ಕಾಯಿಲೆ ಜಠರದ್ದಲ್ಲ, ಸಣ್ಣ ಕರುಳಿನದು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಅದನ್ನು ಕೆರಳಿಸುತ್ತದೆ. ಗೋಧಿಯೇ ಮುಖ್ಯ ಆಹಾರವಾದ ಉತ್ತರ ಭಾರತದಲ್ಲಿ ಇದು ಸುಮಾರು ನೂರಕ್ಕೆ ಒಬ್ಬರಲ್ಲಿ ಇದೆ, ದಕ್ಷಿಣದಲ್ಲಿ ಅದಕ್ಕಿಂತ ಬಹಳ ಕಡಿಮೆ. ಇದಕ್ಕಿರುವ ಟಿಟಿಜಿ-ಐಜಿಎ ರಕ್ತಪರೀಕ್ಷೆ ಒಳ್ಳೆಯದೇ. ಆದರೆ ಎರಡು ಷರತ್ತುಗಳಿವೆ. ಪರೀಕ್ಷೆಯ ಹೊತ್ತಿಗೆ ಗೋಧಿ ತಿನ್ನುತ್ತಿರಬೇಕು, ತಿಂಗಳುಗಟ್ಟಲೆ ಚಪಾತಿ ಬಿಟ್ಟು ಹೋದರೆ ಆಂಟಿಬಾಡಿ ಇಳಿದು ನೆಗೆಟಿವ್ ಬರುತ್ತದೆ. ದೇಹದಲ್ಲಿ ಐಜಿಎ ಎಂಬ ವರ್ಗವೇ ಕಡಿಮೆ ಇರುವವರಲ್ಲೂ ಸುಳ್ಳು ನೆಗೆಟಿವ್ ಬರುವುದರಿಂದ ಒಟ್ಟು ಐಜಿಎ ಕೂಡ ನೋಡಬೇಕು.

ಇದರ ಜೊತೆ ಸೇರಿಸಿ ಮಾರುವ "200 ಆಹಾರಗಳ ಐಜಿಜಿ ಇನ್‌ಟಾಲರೆನ್ಸ್ ಪರೀಕ್ಷೆ"ಗೆ ಹಣ ಕೊಡಬೇಡಿ. ಆಹಾರದ ವಿರುದ್ಧ ಐಜಿಜಿ ಇದೆ ಅಂದರೆ ನೀವು ಆ ಆಹಾರ ತಿನ್ನುತ್ತೀರಿ ಎಂದಷ್ಟೇ ಅರ್ಥ. ಅಮೆರಿಕ, ಯೂರೋಪಿನ ಅಲರ್ಜಿ ತಜ್ಞರ ಸಂಘಗಳು ಇದನ್ನು ಮಾಡಿಸಬೇಡಿ ಎಂದೇ ಹೇಳಿವೆ. ದಿನಾ ತಿನ್ನುವ ಹಾಲು, ಮೊಸರೇ ಆ ಪಟ್ಟಿಯಲ್ಲಿ ಕೆಂಪು ಬಣ್ಣದಲ್ಲಿ ಬರುತ್ತವೆ. ಸಸ್ಯಾಹಾರಿಯೊಬ್ಬರು ಅದನ್ನು ನಂಬಿ ಹಾಲು ಮೊಸರು ಬಿಟ್ಟರೆ, ಅವರಿಗಿದ್ದ ಬಿ12 ಮೂಲವೂ ಹೋಯಿತು.

ಪಾಸಿಟಿವ್ ಬಂದರೆ ಮುಂದೇನು?

ಆಂಟಿಬಾಡಿ ಅನ್ನುವುದು ಹೊಗೆ. ಜಠರದ ಕೋಶಗಳನ್ನು ನಿಜವಾಗಿ ಸುಡುವುದು ಟಿ ಕೋಶಗಳೆಂಬ ಬೇರೆ ಸೈನಿಕರು. ಬೆಂಕಿ ಎಲ್ಲಿದೆ, ಎಷ್ಟು ಸುಟ್ಟಿದೆ ಎಂದು ನೋಡಲು ಎಂಡೋಸ್ಕೋಪಿ ಮಾಡಿ ಜಠರದ ಬೇರೆ ಬೇರೆ ಕಡೆಯಿಂದ ಚೂರು ತೆಗೆದು ಸೂಕ್ಷ್ಮದರ್ಶಕದಡಿ ನೋಡಬೇಕು. ಈ ಕಾಯಿಲೆಯನ್ನು ಖಚಿತಪಡಿಸುವುದು ಆ ಬಯಾಪ್ಸಿಯೇ. ದೀರ್ಘಕಾಲ ಗ್ಯಾಸ್ಟ್ರಿನ್ ಏರಿಯೇ ಇದ್ದರೆ ಜಠರದಲ್ಲಿ ಸಣ್ಣ ನ್ಯೂರೋಎಂಡೋಕ್ರೈನ್ ಗಂಟುಗಳು ಬೆಳೆಯಬಹುದು, ಜಠರದ ಕ್ಯಾನ್ಸರಿನ ಅಪಾಯವೂ ಸ್ವಲ್ಪ ಹೆಚ್ಚು. ಅದಕ್ಕೇ ಕೆಲವರಿಗೆ ಕೆಲವು ವರ್ಷಕ್ಕೊಮ್ಮೆ ಎಂಡೋಸ್ಕೋಪಿ ಮಾಡಿಸಲು ಹೇಳುತ್ತಾರೆ. ಹೆದರುವಂಥದ್ದಲ್ಲ, ಮರೆಯುವಂಥದ್ದೂ ಅಲ್ಲ.

ಸತ್ತ ಕೋಶಗಳನ್ನು ಮರಳಿ ತರುವ ಔಷಧಿ ಇಲ್ಲ. ಬಿ12 ಮಾತ್ರ ಸುಲಭವಾಗಿ ತುಂಬಬಹುದು. ಇಂಜೆಕ್ಷನ್ನೇ ಆಗಬೇಕು ಎಂಬ ನಂಬಿಕೆ ಇದೆ, ಪೂರ್ತಿ ನಿಜವಲ್ಲ. ಇಂಟ್ರಿನ್ಸಿಕ್ ಫ್ಯಾಕ್ಟರ್ ಇಲ್ಲದಿದ್ದರೂ ನುಂಗಿದ ಬಿ12ನಲ್ಲಿ ಸುಮಾರು ನೂರಕ್ಕೆ ಒಂದು ಭಾಗ ಕರುಳಿನ ಗೋಡೆಯಿಂದ ಸುಮ್ಮನೆ ಸೋರಿ ರಕ್ತ ಸೇರುತ್ತದೆ. 1000 ಮೈಕ್ರೋಗ್ರಾಂ ಮಾತ್ರೆ ನುಂಗಿದರೆ 10 ಒಳಗೆ ಹೋಯಿತು, ಬೇಕಾದ್ದಕ್ಕಿಂತ ಹೆಚ್ಚೇ. ನರಕ್ಕೆ ಪೆಟ್ಟು ಬಿದ್ದವರಿಗೆ ಶುರುವಿನಲ್ಲಿ ಇಂಜೆಕ್ಷನ್ ಕೊಟ್ಟು, ಆಮೇಲೆ ಮಾತ್ರೆಗೆ ಬದಲಿಸುವುದುಂಟು. ಇದೇ ಲೆಕ್ಕವನ್ನು ಹಾಲಿಗೆ ಹಾಕಿ ನೋಡಿ. ಒಂದು ದೊಡ್ಡ ಲೋಟ ಹಾಲಿನಲ್ಲಿ ಬಿ12 ಇರುವುದು ಸುಮಾರು 1 ಮೈಕ್ರೋಗ್ರಾಂ. ಈ ಕಾಯಿಲೆಯವರಿಗೆ ಅದರಲ್ಲಿ ದಕ್ಕುವುದು ನೂರರಲ್ಲಿ ಒಂದು ಭಾಗ. ದಿನದ ಅಗತ್ಯ ತುಂಬಲು ಇನ್ನೂರು ಲೋಟ ಬೇಕು. ನೀರು ಬೆರೆಸಿದ ಮಜ್ಜಿಗೆಯಾದರೆ ಇನ್ನೂ ಎಷ್ಟು ಬೇಕೋ!

ಚಿಕಿತ್ಸೆಯನ್ನು ಸಾಮಾನ್ಯವಾಗಿ ಜೀವನಪೂರ್ತಿ ಮುಂದುವರಿಸಬೇಕು. "ರಿಪೋರ್ಟ್ ಸರಿಯಾಯ್ತು" ಎಂದು ಬಿಟ್ಟವರಿಗೆ ಒಂದೆರಡು ವರ್ಷದ ಮೇಲೆ ಜೋಮು ವಾಪಸ್ ಬರುತ್ತದೆ. ಥೈರಾಯ್ಡ್ ಮಾತ್ರೆ ತಿನ್ನುವವರಂತೂ ಇದನ್ನು ಇನ್ನಷ್ಟು ಗಮನಿಸಬೇಕು. ಥೈರಾಯ್ಡ್ ಮತ್ತು ಜಠರದ ಆಟೋಇಮ್ಯೂನ್ ಕಾಯಿಲೆಗಳು ಒಬ್ಬರಲ್ಲೇ ಜೊತೆಯಾಗಿ ಬರುವುದು ಸಾಮಾನ್ಯ, ತೊನ್ನು ಇರುವವರಲ್ಲೂ ಹಾಗೇ. ಥೈರಾಕ್ಸಿನ್ ಮಾತ್ರೆ ಚೆನ್ನಾಗಿ ಕರಗಿ ಮೈಗೆ ಹತ್ತಲು ಜಠರದ ಆಸಿಡ್ ಬೇಕು. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಪ್ಪದೆ ನುಂಗಿದರೂ ಟಿಎಸ್‌ಎಚ್ ಇಳಿಯದೆ, ಪ್ರತಿ ಸಲ ಡೋಸ್ ಏರಿಸುತ್ತಲೇ ಇದ್ದರೆ, ಬಿ12 ಮತ್ತು ಫೆರಿಟಿನ್ ಕೂಡ ನೋಡೋಣವೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಹೋಗುವಾಗ ಹಳೆಯ ರಿಪೋರ್ಟುಗಳ ಜೊತೆಗೆ, ಬಯೋಟಿನ್‌ನಿಂದ ಹಿಡಿದು ಗ್ಯಾಸ್ಟ್ರಿಕ್ ಮಾತ್ರೆಯವರೆಗೆ ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಖಾಲಿ ಪಟ್ಟಿಗಳನ್ನೂ ಒಂದು ಕವರಿನಲ್ಲಿ ಹಾಕಿಕೊಂಡು ಹೋಗಿ.